ಹಿಂದಿನ ಸೀಟಿನ ಕೆಳಗಿನ ಸದ್ದು

ಯಂತ್ರದ ಕಾಯಿಲೆ ಗುರುತಿಸುವುದರಲ್ಲಿ ನನ್ನನ್ನು ಮೀರಿಸುವವರು ಇಚಲಕರಂಜಿಯ ನಮ್ಮ ಗಲ್ಲಿಯಲ್ಲಿ ಇಲ್ಲ ಎಂಬುದು ನನ್ನ ನಂಬಿಕೆ. ಈ ನಂಬಿಕೆಯನ್ನು ಹಂಚಿಕೊಳ್ಳುವ ಎರಡನೆಯವರು ಇನ್ನೂ ಸಿಕ್ಕಿಲ್ಲ, ಅದು ಬೇರೆ ಮಾತು. ನಾನು ಪವರ್‌ಲೂಮ್ ಕಾರಖಾನೆಯಲ್ಲಿ ಜಾಬರ್. ಎಂದರೆ ಕೆಟ್ಟು ನಿಂತ ಮಗ್ಗವನ್ನು ಮತ್ತೆ ಓಡಿಸುವವನು. ಮಗ್ಗ ಹಟ ಹಿಡಿದರೆ ಅದರ ಮೈಮೇಲೆ ಕೈಯಿಟ್ಟು, ಸದ್ದಿಗೆ ಕಿವಿಗೊಟ್ಟು, ಎಲ್ಲಿ ನಟ್ಟು ಸಡಿಲಾಗಿದೆ ಎಂದು ಹೇಳಬಲ್ಲೆ. ಆದರೆ ಕಾರು ಮಗ್ಗವಲ್ಲ. ಮಗ್ಗ ಕೆಟ್ಟರೆ ಕೆಟ್ಟೇ ನಿಲ್ಲುತ್ತದೆ. ನನ್ನ ಹಳೆಯ ಕಾರಿಗೆ ಅಷ್ಟು ಪ್ರಾಮಾಣಿಕತೆ ಇಲ್ಲ. ಸಪಾಟು ರಸ್ತೆಯಲ್ಲಿ ಅದು ಹೊಸ ಅಳಿಯನ ಹಾಗೆ ಮರ್ಯಾದೆಯಿಂದ ನಡೆದುಕೊಳ್ಳುತ್ತದೆ. ಏರು ಬಂತೋ, ಆಕ್ಸಿಲರೇಟರ್ ಒತ್ತಿದಷ್ಟೂ ಗಕ್ ಗಕ್ ಎಂದು ಮುಗ್ಗರಿಸಿ ನಿಂತೇಬಿಡುತ್ತದೆ. ಸ್ವಲ್ಪ ಹೊತ್ತು ಅದರ ಪಾಡಿಗೆ ಬಿಟ್ಟರೆ, ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುತ್ತದೆ. ಟಾಕಿಯಲ್ಲಿ ಪೆಟ್ರೋಲ್ ಇದೆ, ಬ್ಯಾಟರಿ ಹೊಸದು, ಪ್ಲಗ್ಗುಗಳನ್ನು ನಾನೇ ತೆಗೆದು ಉಜ್ಜಿ ಹಾಕಿದ್ದೇನೆ. ಹಾಗಾದರೆ ಕಾಯಿಲೆ ಯಾವುದು? ಯೋಚಿಸಿದಷ್ಟೂ ತಲೆ ಕೆಟ್ಟಿತೇ ಹೊರತು ಕಾರು ಸರಿಹೋಗಲಿಲ್ಲ.

ಬೇರೆ ದಿನವಾಗಿದ್ದರೆ ಬಿಟ್ಟುಬಿಡುತ್ತಿದ್ದೆನೋ ಏನೋ. ಆದರೆ ಮುಂದಿನ ಭಾನುವಾರ ಮಗಳು ಅಶ್ವಿನಿಯ ನಿಶ್ಚಯ, ಗಡಹಿಂಗ್ಲಜದಲ್ಲಿ, ಗಂಡಿನವರ ಮನೆಯಲ್ಲಿ. ನಿಪ್ಪಾಣಿ ದಾಟಿದರೆ ತವಂದಿ ಘಾಟು ಹತ್ತಬೇಕು. ಬೀಗರಾಗುವವರ ಮುಂದೆ, ‘ನಮ್ಮ ಗಾಡ್ಯಾಗ ಬರ್ತೇವ್ರಿ’ ಎಂದು ನಾನು ಜಂಬದಿಂದ ಹೇಳಿಯಾಗಿತ್ತು. ಹೊಸ ಸೀರೆ ಉಟ್ಟ ಮಗಳು ಘಾಟಿನಲ್ಲಿ ಕಾರು ತಳ್ಳುತ್ತಿರುವ ದೃಶ್ಯ ಮತ್ತೆ ಮತ್ತೆ ಕಣ್ಣಿಗೆ ಕಟ್ಟುತ್ತಿತ್ತು. ಹೆಂಡತಿ ಕಸ್ತೂರಿ, ‘ಸುಮ್ನ ಬಾಡಿಗಿ ಗಾಡಿ ಹೇಳ್ರಿ. ಹುಡುಗಿ ಕಾರ್ಯೇದಾಗ ನಿಮ್ಮ ಹಟಾ ಯಾಕ?’ ಎಂದಳು. ಹಟವಲ್ಲ, ಮಾನದ ಪ್ರಶ್ನೆ ಎಂದೆ. ಅವಳ ಪ್ರಕಾರ ಎರಡೂ ಒಂದೇ.

ನಮ್ಮ ಗಲ್ಲಿಯ ಬಾಳೂ ಮಿಸ್ತ್ರಿ ಬಾನೆಟ್ಟು ಎತ್ತಿ ನೋಡಿದ. ‘ಪೆಟ್ರೋಲ್ ಇಂಜನ್ನಿಗೆ ಬರೋಬ್ಬರಿ ಮುಟ್ಟವಲ್ದ್ರಿ. ಇಲ್ಲಾ ಪಂಪ್ ಸೊರಗೇತಿ, ಇಲ್ಲಾ ಫಿಲ್ಟರ್ ಕಟ್ಟೇತಿ. ಚಾವಿ ಅರ್ಧಾ ತಿರುವ್ರಿ, ಸ್ಟಾರ್ಟ್ ಮಾಡಬ್ಯಾಡ್ರಿ. ಹಿಂದಿನ ಸೀಟಿನ ಬುಡಕ ಗುಂಯ್ ಅಂತ ಸಪ್ಪಳ ಬರತೈತಿ. ಸಪ್ಪಳ ಚಲೋ ಬಂದ್ರ ಪಂಪ್ ಚಲೋ. ಬರಲಿಲ್ಲಂದ್ರ ಪಂಪ್ ಬದಲಿ ಮಾಡೂಣು.’ ಈ ಮಾತಿನಲ್ಲಿ ಅರ್ಧವನ್ನು ಅವನು ಕೂಗಿ ಹೇಳಿದ, ಉಳಿದರ್ಧ ಕೈಸನ್ನೆ. ಯಾಕೆಂದರೆ ಅವನ ಗ್ಯಾರೇಜಿನ ಎರಡೂ ಬದಿಗೆ ಮಗ್ಗಗಳ ಶೆಡ್ಡು. ನಮ್ಮ ಗಲ್ಲಿಯಲ್ಲಿ ಎಲ್ಲರ ಮಾತೂ ಹೀಗೆಯೇ. ಊಟವಾಯಿತೇ, ಪಾಳಿ ಮುಗಿಯಿತೇ, ಸಾಹುಕಾರ ಬಂದನೇ ಎನ್ನುವುದಕ್ಕೆಲ್ಲ ಸನ್ನೆಗಳಿವೆ. ಗುಟ್ಟನ್ನೂ ಕೂಗಿಯೇ ಹೇಳಬೇಕಾದ ಈ ಗಲ್ಲಿಯಲ್ಲಿ ಪಂಪಿನ ಗುಂಯ್ ಯಾರಿಗೆ ಕೇಳಬೇಕು? ಲೈಟು ಹೋಗಿ ಮಗ್ಗಗಳು ನಿಂತಾಗ ನೋಡೋಣವೆಂದರೆ, ನಮಗೆ ಬೇಕಾದಾಗ ಲೈಟೂ ಹೋಗುವುದಿಲ್ಲ.

ಕೊನೆಗೆ ನಿಶ್ಶಬ್ದ ಹುಡುಕಿಕೊಂಡು ನಾನು, ಕಸ್ತೂರಿ, ಅಶ್ವಿನಿ ಸುಳಕೂಡಕ್ಕೆ ಹೋದೆವು. ಅಲ್ಲಿ ಊರ ಹೊರಗೆ ಹೊಲದಲ್ಲಿ ಕಸ್ತೂರಿಯ ಅಣ್ಣ ಸಿದ್ದಪ್ಪ ಕುರಿ ಕಟ್ಟಿಕೊಂಡಿದ್ದಾನೆ. ದಾರಿ ಸಪಾಟು, ಕಾರು ತಕರಾರು ಮಾಡಲಿಲ್ಲ. ಇಂಜಿನ್ ಆರಿಸಿ, ಎಲ್ಲರಿಗೂ ಬಾಯಿ ಮುಚ್ಚಲು ಸನ್ನೆ ಮಾಡಿ, ಚಾವಿ ಅರ್ಧ ತಿರುವಿದೆ. ಏನೂ ಕೇಳಲಿಲ್ಲ. ಇನ್ನೊಮ್ಮೆ ತಿರುವಿದೆ. ಆಗಲೂ ಇಲ್ಲ. ‘ಪಂಪ್ ಹೋತು’ ಎಂದು ಘೋಷಿಸಿದೆ. ಬೇಸರದ ನಡುವೆಯೂ ಕಾಯಿಲೆ ಸಿಕ್ಕಿತಲ್ಲ ಎಂಬ ಹೆಮ್ಮೆ.

ಸಿದ್ದಪ್ಪ ತಲೆ ಕೆರೆದುಕೊಂಡ. ‘ಸತ್ತ ಪಂಪು ನಿಮ್ಮನ್ನ ಇಲ್ಲಿತನಕ ಹೆಂಗ ತಂದೈತ್ರಿ?’

ಮತ್ತೆ ಚಾವಿ ತಿರುವಿದೆ. ‘ಗುಂಯ್ ಅಂತಲ್ರಿ!’ ಎಂದ ಅವನು. ‘ಹೌದು, ಸಾಫ್ ಕೇಳಸ್ತು’ ಎಂದಳು ಕಸ್ತೂರಿ. ಅಶ್ವಿನಿಯೂ ತಲೆಯಾಡಿಸಿದಳು. ಅಣ್ಣ, ತಂಗಿ, ಮಗಳು ಸೇರಿ ಚೇಷ್ಟೆ ಮಾಡುತ್ತಿದ್ದಾರೆ ಎಂದುಕೊಂಡು ಮತ್ತೊಮ್ಮೆ ತಿರುವಿದರೆ, ಕಾರಿನ ಹಿಂದೆ ಕಟ್ಟಿದ್ದ ಟಗರು ಕಿವಿ ನಿಮಿರಿಸಿ ಸೀಟಿನ ಕಡೆ ನೋಡಿತು. ಟಗರಿಗೆ ನನ್ನನ್ನು ಚೇಷ್ಟೆ ಮಾಡುವ ಕಾರಣ ಯಾವುದೂ ಇರಲಿಲ್ಲ. ಅಶ್ವಿನಿಯ ಕೈಗೆ ಚಾವಿ ಕೊಟ್ಟು, ಹಿಂದಿನ ಸೀಟಿಗೆ ಕಿವಿಯೊತ್ತಿ ಮಲಗಿದೆ. ಅವಳು ತಿರುವಿದಳು. ಏನೂ ಇಲ್ಲ. ಇನ್ನೊಮ್ಮೆ ತಿರುವಲು ಹೇಳಿ ಸೀಟಿನ ಮೇಲೆ ಅಂಗೈ ಇಟ್ಟೆ, ಕೆಳಗೆ ಪಂಪು ಜುಮ್ಮೆಂದಿತು. ಆಗ ನಿಜವಾಗಿ ಭಯವಾಯಿತು. ಇಷ್ಟು ವರ್ಷ ಮಗ್ಗದ ಕಾಯಿಲೆಯನ್ನು ಹಿಡಿಯುತ್ತಿದ್ದದ್ದು ನನ್ನ ಕೈಯೋ ಕಿವಿಯೋ ಎಂಬುದೇ ಗೊತ್ತಾಗಲಿಲ್ಲ. ಎಲ್ಲರೂ ಕೂಗಿ ಮಾತಾಡುವ ಊರಿನಲ್ಲಿ ಕಿವಿ ಹೋದದ್ದು ಕಿವಿಗೇ ತಿಳಿಯುವುದಿಲ್ಲ. ‘ಕಿವ್ಯಾಗ ಧೂಳು ಹೋಗಿರಬೇಕು’ ಎಂದೆ. ‘ಈ ಮಾತು ಇನ್ನ ತೆಗೀಬ್ಯಾಡ್ರಿ’ ಎಂದೂ ಹೇಳಿದೆ.

ಪಂಪು ನಿರಪರಾಧಿ ಎಂದಾದ ಮೇಲೆ ಬಾಳೂ ಫಿಲ್ಟರ್ ಬಿಚ್ಚಿದ. ಒಳಗಿನಿಂದ ಚಹಾದ ಗಸಿಯಂಥ ಕೊಳೆ ಬಂತು. ಹೊಸ ಫಿಲ್ಟರ್ ಹಾಕಿದ. ಭಾನುವಾರ ಕಾರು ತವಂದಿ ಘಾಟನ್ನು ಒಮ್ಮೆಯೂ ಮುಗ್ಗರಿಸದೆ ಹತ್ತಿತು. ಆದರೂ ನನಗೆ ಪೂರ್ತಿ ಖುಷಿಯಾಗಲಿಲ್ಲ. ಹಿಂದಿನ ಸೀಟಿನಲ್ಲಿ ಅಶ್ವಿನಿ ದಾರಿಯುದ್ದಕ್ಕೂ ಮಾತಿಲ್ಲದೆ ಕೂತಿದ್ದಳು. ಇನ್ನೊಬ್ಬರ ಮನೆ ಸೇರುವ ಹುಡುಗಿ, ಮನಸ್ಸು ಭಾರವಾಗಿರಬೇಕು ಎಂದುಕೊಂಡೆ. ಸಮಾಧಾನ ಹೇಳಲು ಬೇರೇನೂ ತೋಚದೆ, ಆಗಾಗ ‘ಚಿಂತಿ ಮಾಡಬ್ಯಾಡವ್ವಾ, ಪೆಟ್ರೋಲ್ ಭರಪೂರ ಐತಿ’ ಎನ್ನುತ್ತಿದ್ದೆ.

ಕಾರ್ಯ ಚೆನ್ನಾಗಿ ಮುಗಿಯಿತು. ಮನೆಗೆ ಬಂದು ಬಾಗಿಲಲ್ಲಿ ಕಾರು ನಿಲ್ಲಿಸುತ್ತ ಕಸ್ತೂರಿಗೆ, ‘ಪಾಪ, ಹುಡುಗಿ ಹೋಗೂವಾಗ ಒಂದ ಮಾತೂ ಆಡಲಿಲ್ಲ ನೋಡು’ ಎಂದೆ. ಅವಳು ಸೊಂಟದ ಮೇಲೆ ಕೈಯಿಟ್ಟು, ಓಣಿಗೆಲ್ಲ ಕೇಳುವ ಹಾಗೆ ಹೇಳಿದಳು: ‘ಆಡಲಿಲ್ಲ? ಕಾಗಲ ದಾಟಿದಾಗಿಂದ ಆಕಿ ನಿಮ್ಮನ್ನ ಕೇಳಾಕತ್ತಿದ್ಲು! ಅಪ್ಪಾ, ಸೋಮವಾರ ಕೊಲ್ಹಾಪುರಕ್ಕ ಹೋಗಿ ಕಿವಿ ತೋರಿಸ್ಕೊಂಡು ಬರೂಣು, ನಾನೂ ಬರ್ತೇನಿ, ಬರ್ತಿಯಿಲ್ಲೊ ಅಂತ. ಕೇಳಿದಾಗೊಮ್ಮೆ ನೀವು ಪೆಟ್ರೋಲ್ ಭರಪೂರ ಐತಿ ಅಂದ್ರಿ!’

ಎದುರುಮನೆಯಾತ ಕಿಟಕಿಯಿಂದ ತಲೆ ಹಾಕಿದ. ನನಗೆ ಅರ್ಥವಾಗಿರಲಿಕ್ಕಿಲ್ಲ ಎಂದು, ತನ್ನ ಕಿವಿ ಹಿಡಿದು, ಕೊಲ್ಹಾಪುರದ ದಿಕ್ಕಿಗೆ ಕೈ ತೋರಿಸಿ, ಎಲ್ಲವನ್ನೂ ಸನ್ನೆಯಲ್ಲಿ ಇನ್ನೊಮ್ಮೆ ವಿವರಿಸಿದ. ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಮಗಳ ಮೇಲೆ ಅಕ್ಕರೆ ಉಕ್ಕಿತು. ಅವಳ ಹತ್ತಿರ ಹೋಗಿ, ಅವಳಿಗಷ್ಟೇ ಕೇಳುವಂತೆ ಮೆಲ್ಲಗೆ, ‘ಬರ್ತೇನವ್ವಾ’ ಎಂದೆ.

ಅಶ್ವಿನಿ ನಗುತ್ತ ಎರಡೂ ಕಿವಿ ಮುಚ್ಚಿಕೊಂಡಳು.