ನಮ್ಮ ಮಾವ ಬ್ಯಾಟರಿ ಕಳ್ಳನನ್ನು ಹಿಡಿದದ್ದು

ಹೊಸಪೇಟೆ ಸುತ್ತಮುತ್ತಲಿನ ಇಳಿಜಾರುಗಳನ್ನು ತುಂಗಭದ್ರೆಯ ನೀರು ಬಿಟ್ಟರೆ ಪೂರ್ತಿಯಾಗಿ ಬಲ್ಲವರು ನಮ್ಮ ಸೋದರಮಾವ ಒಬ್ಬರೇ! ಯಾವ ಬೀದಿ ಯಾವ ಕಡೆಗೆ ಎಷ್ಟು ವಾಲಿದೆ ಎಂಬುದು ಅವರಿಗೆ ಬಾಯಿಪಾಠ. ಯಾಕೆಂದರೆ ಅವರ ಕಾರಿನ ಬ್ಯಾಟರಿ ಯಾವಾಗ ಕೈಕೊಡುತ್ತದೋ ಆ ವಿರೂಪಾಕ್ಷನಿಗೂ ಗೊತ್ತಿಲ್ಲ. ಹಾಗಾಗಿ ಕಾರು ನಿಲ್ಲಿಸಿದರೆ ಇಳಿಜಾರಿನಲ್ಲೇ ನಿಲ್ಲಿಸಬೇಕು. ಹೊರಡುವಾಗ ಬ್ರೇಕ್ ಬಿಟ್ಟು, ಉರುಳಿಸಿ, ಎರಡನೇ ಗೇರಿಗೆ ಹಾಕಿ ಎಬ್ಬಿಸಬೇಕು. ಸಂಡೂರಿನಲ್ಲಿ ಒಂದು ಮದುವೆಗೆ ಹೋದಾಗ ಕಲ್ಯಾಣಮಂಟಪದ ಮುಂದೆ ಬೇಕಾದಷ್ಟು ಜಾಗವಿತ್ತು. ಸಮತಟ್ಟಾಗಿದೆ ಎಂಬ ಒಂದೇ ತಪ್ಪಿಗೆ ಮಾವ ಅದನ್ನು ತಿರಸ್ಕರಿಸಿ, ಅರ್ಧ ಮೈಲಿ ಆಚೆ ದಿಬ್ಬದ ಮೇಲೆ ಕಾರು ನಿಲ್ಲಿಸಿದರು. ರೇಷ್ಮೆ ಸೀರೆಯುಟ್ಟ ಅತ್ತೆ, ಉಡುಗೊರೆಯ ಹಂಡೆ ಹೊತ್ತ ನಾನು ನಡೆದು ಮುಟ್ಟುವ ಹೊತ್ತಿಗೆ ಅಕ್ಷತೆ ಮುಗಿದು ಊಟದ ಎರಡನೇ ಪಂಕ್ತಿ ಕೂತಿತ್ತು.

ಇಳಿಜಾರು ಸಿಗದ ಕಡೆ ಏನು ಗತಿ? ಅದಕ್ಕೇ ಅಲ್ಲವೇ ಸೋದರಳಿಯ ಇರುವುದು! ಹಂಪಿಯಲ್ಲಿ ಒಂದು ದಿನ ಬೆವರು ಸುರಿಸಿ ನೂಕುತ್ತಿದ್ದೆ. ಪ್ರವಾಸಕ್ಕೆ ಬಂದಿದ್ದ ನನ್ನದೇ ಶಾಲೆಯ ಮಕ್ಕಳು ಸಾಲಾಗಿ ನಿಂತು, "ನಮಸ್ತೇ ಸಾರ್, ನೂಕ್ರಿ ಸಾರ್!" ಎಂದು ಹುರಿದುಂಬಿಸಿದವು. ಮರುದಿನದಿಂದ ನನ್ನ ತರಗತಿಯ ಶಿಸ್ತು ಏನಾಯಿತು ಎಂದು ಕೇಳಬೇಡಿ.

ಹೊಸ ಬ್ಯಾಟರಿ ಹಾಕಿಸಬಾರದೇ ಅನ್ನುತ್ತೀರಾ? ಹಾಕಿಸಿದ್ದಾಯಿತು, ಎರಡು ಸಲ! ಮೆಕ್ಯಾನಿಕ್ ತಲೆ ಕೆರೆದುಕೊಂಡು, "ಬ್ಯಾಟರಿ ಚಲೋ ಐತ್ರಿ ಸಾಹೇಬ್ರ. ಎಲ್ಲೋ ಕರೆಂಟ್ ಸೋರಾಕತ್ತೈತಿ," ಅಂದ.

"ಕಾರ್ ಮಾರಿಬಿಡ್ರಿ ಮಾವ. ಆಟೋದಾಗ ಅಡ್ಡಾಡ್ರಿ," ಎಂದೆ ನಾನು, ನನ್ನ ಸೊಂಟದ ಪರವಾಗಿ.

ಮಾವ ನಗಲಿಲ್ಲ. ಹೋದ ಬೇಸಿಗೆಯಲ್ಲಿ ಮಲಪನಗುಡಿಯ ತಮ್ಮ ಮನೆಯಲ್ಲಿದ್ದಾಗ ಅವರಿಗೆ ಎದೆನೋವು ಬಂದಿತ್ತು. ಸುಡುಬಿಸಿಲು, ಒಂದು ಆಟೋ ಸಿಗಲಿಲ್ಲ. ಒಂದು ಕೈಯಲ್ಲಿ ಎದೆ, ಇನ್ನೊಂದರಲ್ಲಿ ಸ್ಟಿಯರಿಂಗ್ ಹಿಡಿದು, ಅನಂತಶಯನಗುಡಿ ದಾಟಿ, ತಾವೇ ಹೊಸಪೇಟೆಯ ಆಸ್ಪತ್ರೆ ಮುಟ್ಟಿದ್ದರು. ಪಕ್ಕದಲ್ಲಿ ಅತ್ತೆ. ಮತ್ತೆ ಬಂದರೆ ಒಂದು ಗಳಿಗೆಯೂ ತಡಮಾಡಕೂಡದು ಎಂದು ಡಾಕ್ಟರು ಎಚ್ಚರಿಸಿದ್ದರು. ಗ್ರಹಚಾರ ನೋಡಿ, ಆಸ್ಪತ್ರೆಯಿಂದ ಬಂದು ತಿಂಗಳಾಗುವಷ್ಟರಲ್ಲಿ ಬ್ಯಾಟರಿ ಸಾಯುವುದು ಶುರುವಾಯಿತು.

"ಅವತ್ತು ಗಾಡಿ ಚಾಲೂ ಆತು, ನಾ ಉಳದೆ. ಮುಂದಿನ ಸಲ ಆಗ್ಲಿಲ್ಲಾಂದ್ರ?" ಎಂದರು ಮಾವ.

ಮಾವ ತುಂಗಭದ್ರಾ ಡ್ಯಾಂನ ಕಾಲುವೆ ಕಚೇರಿಯಲ್ಲಿದ್ದು ನಿವೃತ್ತರಾದವರು. ಕಾಲುವೆಗೆ ಕಳ್ಳ ಪಂಪು ಹಚ್ಚಿದವರನ್ನು ಹಿಡಿಯುವುದರಲ್ಲಿ ಎತ್ತಿದ ಕೈ. ತೂಬುಗಳನ್ನು ಒಂದೊಂದಾಗಿ ಮುಚ್ಚುತ್ತಾ ಹೋಗುವುದು, ಯಾವುದನ್ನು ಮುಚ್ಚಿದಾಗ ನೀರಿನ ಮಟ್ಟ ನಿಲ್ಲುತ್ತದೋ ಅಲ್ಲಿ ಕಳ್ಳ! "ನೀರು ಕದಿಯೋರನ್ನ ಹಿಡದಾಂವ ನಾನು. ಕರೆಂಟ್ ಕದಿಯೋನ್ನ ಬಿಡ್ತೀನೇನು?" ಎಂದು ಪಣ ತೊಟ್ಟು, ಕಾರಿನ ಫ್ಯೂಸುಗಳನ್ನು ವಾರಕ್ಕೊಂದರಂತೆ ಕೀಳತೊಡಗಿದರು.

ಮೊದಲ ವಾರ ಹಾರ್ನಿನ ಸರದಿ. ಅದೇ ವಾರ ಕಂಪ್ಲಿಗೆ ಹೋಗಬೇಕಾಗಿ ಬಂತು. ಸಂತೆಯ ದಿನ, ಬೀದಿ ತುಂಬ ಜನ, ಹಾರ್ನ್ ಇಲ್ಲದ ಕಾರು!

"ನಿನಗ ಬಾಯಿಲ್ಲೇನಲೇ? ಒದರು!" ಎಂದರು ಮಾವ.

ಕಿಟಕಿಯಿಂದ ತಲೆ ಹೊರಗೆ ಹಾಕಿ, "ಸರೀರಿ, ಸರೀರಿ!" ಎಂದು ಒದರುತ್ತಾ ಹೋದೆ. ಕೈಯನ್ನೂ ಬೀಸುತ್ತಿದ್ದೆನೆಂದು ಕಾಣುತ್ತದೆ. ಸೊಪ್ಪು ಮಾರುವ ಮುದುಕಿಯೊಬ್ಬಳು, "ಯಾವ ಪಾರ್ಟಿಯಪ್ಪಾ ನಿಂದು?" ಎಂದು ಕೇಳಿದಳು. ಎರಡನೇ ವಾರ ವೈಪರಿನ ಫ್ಯೂಸ್ ಕಿತ್ತರು. ಆ ವಾರ ಮಳೆ ಬಂತು. ಗಾಜು ಒರೆಸಿದವರು ಯಾರು ಎಂದು ಬೇರೆ ಹೇಳಬೇಕೇ?

ಬ್ಯಾಟರಿ ಮಾತ್ರ ಇಳಿಯುತ್ತಲೇ ಇತ್ತು. ಮಾವ ಸೋಲುವ ಆಸಾಮಿಯಲ್ಲ. ಫ್ಯೂಸುಗಳನ್ನೆಲ್ಲ ಮತ್ತೆ ಹಾಕಿ, ತಾಸಿಗೊಮ್ಮೆ ಮೀಟರ್ ಹಚ್ಚಿ ನೋಡತೊಡಗಿದರು. ಬೆಳಿಗ್ಗೆ ಇಳಿಯದು, ಸಂಜೆ ಇಳಿಯದು. ಇಳಿಯುವುದು ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ, ಅಂದರೆ ಮಾವ ಊಟ ಮಾಡಿ ಗೊರಕೆ ಹೊಡೆಯುವಾಗ! "ಕಳ್ಳಗ ನನ್ನ ನಿದ್ದಿ ಟೈಮ್ ಗೊತ್ತೈತಿ," ಎಂದು ಮಾವ ಹಲ್ಲು ಕಡಿದರು.

ಆ ಭಾನುವಾರ ಮಾವ ಊಟವಾದ ಮೇಲೆ ಅತ್ತೆಯ ಕಣ್ಣೆದುರಿಗೇ ಕೋಣೆಗೆ ಹೋಗಿ ಮಲಗಿದಂತೆ ಮಾಡಿ, ಹಿಂಬಾಗಿಲಿನಿಂದ ಹೊರಬಂದರು. ಅಂಗಳದಲ್ಲಿ ನಿಂತ ಕಾರಿನ ಪಕ್ಕದ ಬಾಳೆಗಿಡಗಳ ಹಿಂದೆ ನಾವಿಬ್ಬರೂ ಅಡಗಿ ಕುಳಿತೆವು. ಮಾವನ ಕೈಯಲ್ಲಿ ಬಡಿಗೆ, ನನ್ನ ಕಾಲಿಗೆ ಇರುವೆ.

ಸ್ವಲ್ಪ ಹೊತ್ತಿಗೆ ಅತ್ತೆ ಬಂದರು. ಚಪ್ಪಲಿ ಬಿಟ್ಟು, ಕಾರಿನ ಬಾಗಿಲು ತೆರೆದು, ಸ್ಟಿಯರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡು, ಮಾವ ಕೂರುವ ಸೀಟಿನಲ್ಲಿ ಕುಳಿತರು. ಕೀಲಿ ತಿರುಗಿಸಿ ಸ್ವಿಚ್ಚುಗಳನ್ನು ಒಂದೊಂದಾಗಿ ಒತ್ತಿದರು. ಹೆಡ್‌ಲೈಟ್ ಹತ್ತಿತು, ಫ್ಯಾನ್ ತಿರುಗಿತು, ಒಣಗಾಜಿನ ಮೇಲೆ ವೈಪರ್ ಕಿರುಗುಟ್ಟಿತು. ಎಂಜಿನ್ ಚಾಲೂ ಮಾಡದಿದ್ದರೆ ಏನೂ ಖರ್ಚಾಗದು ಎಂದು ಪಾಪ ಅವರ ನಂಬಿಕೆ!

ನನಗೆ ನಗು ತಡೆಯಲಾಗಲಿಲ್ಲ. ಮಾವ ಬಡಿಗೆ ಎತ್ತಿಕೊಂಡು ಎದ್ದೇಬಿಟ್ಟರು. ಅಷ್ಟರಲ್ಲಿ ತೆರೆದ ಕಿಟಕಿಯಿಂದ ಅತ್ತೆಯ ದನಿ ಕೇಳಿತು.

"ಕ್ಲಚ್ ಒತ್ತಬೇಕು... ಒಂದನೇ ಗೇರ್... ಹಾಂ, ಅನಂತಶಯನಗುಡಿ ದಾಟಿದ್ವಿ..." ಆಮೇಲೆ ಪಕ್ಕದ ಖಾಲಿ ಸೀಟಿನ ಕಡೆ ತಿರುಗಿ, "ಹೆದರಬ್ಯಾಡ್ರಿ. ಸ್ವಲ್ಪ ತಡಕೋರಿ. ಜಲ್ದಿ ಮುಟ್ಟಸ್ತೀನಿ," ಎಂದರು.

ಅವತ್ತು ಕಾರಿನಲ್ಲಿ ಗಂಡನ ಪಕ್ಕ ಕುಳಿತಿದ್ದಾಗ ಅತ್ತೆ ಪಟ್ಟ ಭಯವೆಷ್ಟು ಎಂದು ನಾವ್ಯಾರೂ ಕೇಳಿಯೇ ಇರಲಿಲ್ಲ! ನಮಗೆ ನಾಚಿಕೆಯಾಗಬೇಕು.

ಮಾವ ಬಡಿಗೆಯನ್ನು ಸದ್ದಾಗದಂತೆ ನೆಲಕ್ಕಿಟ್ಟರು. ನಡೆದುಹೋಗಿ ಎಡಗಡೆಯ ಬಾಗಿಲು ತೆರೆದು ಆ ಖಾಲಿ ಸೀಟಿನಲ್ಲಿ ಕುಳಿತರು. ಅತ್ತೆ ಬೆಚ್ಚಿಬಿದ್ದು ಕೀಲಿಗೆ ಕೈಹಾಕಿದರು. ಮಾವ ಆ ಕೈಯನ್ನು ಹಿಡಿದು ಮತ್ತೆ ಸ್ಟಿಯರಿಂಗ್ ಮೇಲಿಟ್ಟರು. ಆಮೇಲೆ ಕೇಳಿದರು:

"ಆಸ್ಪತ್ರಿ ಇನ್ನೂ ಎಷ್ಟು ದೂರ ಐತಿ?"

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ರಸ್ತೆ ನೋಡುವವರಂತೆ ನೇರ ಮುಂದಕ್ಕೆ ನೋಡಿದರು.

"ಬಂದೇ ಬಿಡ್ತು. ನೀವು ಸುಮ್ಮನ ಕುಂದ್ರಿ."