ಪ್ರಹ್ಲಾದರಾಯರ ಬಳ್ಳಿ ಗಳವೇರಿದ ಪ್ರಸಂಗ

ಜಮಖಂಡಿ ಸಂಸ್ಥಾನ ಮುಂಬಯಿ ರಾಜ್ಯದಲ್ಲಿ ವಿಲೀನವಾದಾಗ ಎಲ್ಲವೂ ವಿಲೀನವಾಯಿತು. ದರಬಾರು, ದಫ್ತರು, ಕುದುರೆ, ಕುದುರೆಯ ಹುರುಳಿ ಎಲ್ಲ ಹೋದವು. ವಿಲೀನವಾಗದೆ ಉಳಿದದ್ದು ಒಂದೇ, ಕಾರಕೂನ ಪ್ರಹ್ಲಾದರಾಯರ ಮೀಸೆ.

ಆ ಮೀಸೆಯ ವಿಸ್ತೀರ್ಣ ಹೇಳಿದರೆ ನೀವು ನಂಬುವುದಿಲ್ಲ, ಆದರೂ ಹೇಳುತ್ತೇನೆ. ರಾಯರು ಪೂರ್ವಕ್ಕೆ ಮುಖಮಾಡಿ ನಿಂತರೆ ಅದರ ಬಲತುದಿ ಮುಧೋಳದ ಹವಾಮಾನವನ್ನೂ ಎಡತುದಿ ವಿಜಾಪುರದ ಹವಾಮಾನವನ್ನೂ ತಿಳಿಸುತ್ತಿತ್ತು. ಓಣಿಯಲ್ಲಿ ಎದುರಿಗೆ ಎತ್ತಿನ ಗಾಡಿ ಬಂದರೆ ಗಾಡಿಯೇ ಹಿಂದೆ ಸರಿಯಬೇಕು. ಮಳೆಯಲ್ಲಿ ಅದರ ಕೆಳಗೆ ಗುಬ್ಬಿಗಳು ನಿಲ್ಲುತ್ತಿದ್ದವು (ಸಾಕ್ಷಿ ಹೇಳಲು ಗುಬ್ಬಿಗಳನ್ನು ಕರೆತರಲಾರೆ, ನನ್ನ ಮಾತನ್ನೇ ನಂಬಬೇಕು). ಇಂಥ ಸಾರ್ವಭೌಮ ಮೀಸೆಯನ್ನು ರಾಯರು ಒಂದು ಬಳ್ಳಿಯ ಮೇಲೆ ಪಣಕ್ಕಿಟ್ಟರು.

ನಡೆದದ್ದು ಹೀಗೆ. ಬನಹಟ್ಟಿಯ ನೂಲಿನ ವ್ಯಾಪಾರಿ ಶಿವಯೋಗೆಪ್ಪ ರಾಯರ ಹಳೆಯ ಗೆಳೆಯ. ಅವನು ಮುಂಬಯಿಗೆ ನೂಲು ಕೊಳ್ಳಲು ಹೋದವನು ಒಂದು ವಿಚಿತ್ರ ಬಳ್ಳಿ ತಂದ. ಅದಕ್ಕೆ ಅಂಗಳ ಬೇಡ, ಬಿಸಿಲು ಬೇಡ. ಅಳಿಯನ ಹಾಗೆ ಮನೆಯೊಳಗೇ ಕುಳಿತು ಬೆಳೆಯುತ್ತದೆ.

"ಮನಿಯೊಳಗ ಬೆಳೀತೈತಿ, ಅದಕ್ಕ ಮನಿ ಪ್ಲಾಂಟ್ ಅಂತ ಹೆಸರಿಟ್ಟಾರರಿ" ಎಂದು ಅವನು ತನ್ನ ಮುಂಬಯಿ ಇಂಗ್ಲಿಷನ್ನು ಬಿಡಿಸಿ ಹೇಳಿ, ಬಳ್ಳಿಯನ್ನು ಎರಡು ತುಂಡು ಮಾಡಿ ಒಂದನ್ನು ರಾಯರಿಗೆ ಕೊಟ್ಟ. ಕೊಟ್ಟು ಸುಮ್ಮನಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

"ಆದ್ರ ರಾಯರ, ಬಳ್ಳಿ ಬೆಳಸೂದು ನಿಮ್ಮ ಕೈಲೆ ಆಗೂ ಮಾತಲ್ಲ. ನೀವು ಫೈಲ್ ಬೆಳಸಾವ್ರು."

ರಾಯರ ಮೀಸೆ ತಾನಾಗಿಯೇ ನೆಟ್ಟಗಾಯಿತು. "ಶಿವಯೋಗೆಪ್ಪ, ಚೌತಿ ಬರೂದ್ರಾಗ ನನ್ನ ಬಳ್ಳಿ ನಿನ್ನ ಬಳ್ಳಿಕಿಂತ ಒಂದು ಬೆರಳು ಗಿಡ್ಡ ಆತಂದ್ರ ಈ ಮೀಸಿ ತಗಸ್ತೀನಿ!"

"ನಿಮ್ಮದ ಉದ್ದಾದ್ರ ನನ್ನ ಮೀಸಿ ತಗಸ್ತೀನರಿ" ಎಂದ ಶಿವಯೋಗೆಪ್ಪ. ಅವನ ಮೀಸೆಯೆಂದರೆ ಎರಡು ಎಳೆ ಸಣ್ಣ ನೂಲನ್ನು ತುಟಿಯ ಮೇಲೆ ಅಂಟಿಸಿದಂತಿತ್ತು. ಪಣದ ಎರಡು ತಟ್ಟೆ ಸಮ ತೂಗುವುದಿಲ್ಲವೆಂದು ರಾಯರಿಗೆ ಹೊಳೆಯಲೇ ಇಲ್ಲ.

ಕಾರಹುಣ್ಣಿವೆ ಕಳೆಯಿತು. ಬಳ್ಳಿ ಹೊಸ ಹೂಕುಂಡದಲ್ಲಿ ಬೇರೂರಿ ಮೊದಲ ಚಿಗುರು ಬಿಟ್ಟಿತು. ಅಂದಿನಿಂದ ರಾಯರು ಬಾಣಂತಿಯ ಮನೆಯವರಂತೆ ಮೆಲ್ಲಗೆ ಮಾತಾಡತೊಡಗಿದರು. ಬೆಳೆಯುವ ಬಳ್ಳಿಗೆ ಬೆಳಕು ಬೇಕು, ಆದರೆ ಬಿಸಿಲು ತಾಗಬಾರದು. ಅಂಥ ಬೆಳಕು ಪಡಸಾಲೆಯ ಒಂದೇ ಒಂದು ಕಿಟಕಿಯಲ್ಲಿತ್ತು. ಆ ಕಿಟಕಿಯ ಕೆಳಗೆ ರಾಯರ ಸೋದರತ್ತೆ ಬಿಂದಾತ್ಯಾ ಕೆಂಪು ಸೀರೆಯುಟ್ಟು ಹೂಬತ್ತಿ ಹೊಸೆಯುತ್ತಿದ್ದಳು. ಮಡಿಯಲ್ಲಿ ಅವಳು ಎಂಥವಳೆಂದರೆ, ಸಂದೇಹ ಬಂದಾಗ ಮಠದ ಆಚಾರ್ಯರೇ ಅವಳನ್ನು ಕೇಳಲು ಬರುತ್ತಿದ್ದರು.

"ಅತ್ಯಾ, ಒಂಚೂರು ಈಕಡೆ ಸರೀತೀಯೇನು? ಬಳ್ಳಿಗೆ ಬೆಳಕು ಬೇಕು. ಇದು ಅದರ ಬೆಳಿಯೋ ವಯಸ್ಸು."

"ನಾ ಮೂವತ್ತು ವರ್ಷ ಈ ಬೆಳಕಿನ್ಯಾಗ ಕೂತೇನಲ್ಲೋ ಪ್ರಲ್ಹಾದಾ, ನನಗೆಲ್ಲೆ ಚಿಗುರು ಒಡದಾವು?" ಎನ್ನುತ್ತಲೇ ಅತ್ಯಾ ಕತ್ತಲ ಮೂಲೆಗೆ ಸರಿದಳು. ಅವಳಿಗೆ ಬೆಳಕಿದ್ದರೂ ಅಷ್ಟೆ, ಇಲ್ಲದಿದ್ದರೂ ಅಷ್ಟೆ. ಕಣ್ಣು ಮಂಜಾಗಿ ವರ್ಷಗಳಾಗಿದ್ದವು. ಕಿವಿ ಮಾತ್ರ ಓಣಿಯ ತುದಿಯ ಒಗ್ಗರಣೆಯಲ್ಲಿ ಸಾಸಿವೆ ಎಷ್ಟು ಬಿತ್ತೆಂದು ಹೇಳುವಷ್ಟು ಚುರುಕು.

ಬಳ್ಳಿ ಬೆಳಕಿನ ಕಡೆಗೇ ಬಾಗುತ್ತದೆಂದು ರಾಯರು ದಿನಾ ಬೆಳಗ್ಗೆ ಕುಂಡವನ್ನು ಇಷ್ಟಿಷ್ಟೇ ತಿರುಗಿಸುವರು. ಇದನ್ನು ಕಂಡು ಅವರ ಹೆಂಡತಿ ಮಥುರಾಬಾಯಿ ಹೊಟ್ಟೆಯೊಳಗಿದ್ದದ್ದನ್ನು ಹೊರಗೆ ಹಾಕಿದಳು.

"ಲಗ್ನಾದಾಗಿಂದ ನನ್ನ ಕಡೆ ಒಂದ್ಸಲ ತಿರುಗಿ ನೋಡಿಲ್ಲ. ಅದನ್ನ ಮಾತ್ರ ಎದ್ದ ಕೂಡಲೆ ತಿರುಗಿಸ್ಲಿಕ್ಕೆ ಹತ್ತೀರಿ!"

"ನೀ ಬೆಳಿಯೂದು ಮುಗದದಲ್ಲ ಮಥುರಾ."

ಅಂದು ರಾಯರಿಗೆ ಸಾರಿನಲ್ಲಿ ಉಪ್ಪಿರಲಿಲ್ಲ.

ಮಣ್ಣಿನಲ್ಲಿ ಬೆರಳಿಟ್ಟು ಹಸಿ ನೋಡುವುದು, ಎಲೆಗಳ ಧೂಳನ್ನು ಒದ್ದೆ ಅರಿವೆಯಿಂದ ಒರೆಸುವುದು (ಅರಿವೆ ಸಿಗದಿದ್ದರೆ ಮಥುರಾಬಾಯಿಯ ಸೆರಗು ಇದ್ದೇ ಇತ್ತು), ಸೇಂಗಾ ಹಿಂಡಿ ನೆನೆಸಿದ ನೀರು ಹಾಕುವುದು. ಆ ಹಿಂಡಿಯ ವಾಸನೆಗೆ ಅತಿಥಿಗಳು ಬರುವುದು ನಿಂತಿತು. ಚಹಾದ ಖರ್ಚು ಉಳಿಯಿತಲ್ಲ ಎಂದು ರಾಯರು ಸಮಾಧಾನಪಟ್ಟರು. ಸಾಲದ್ದಕ್ಕೆ ನೇಕಾರರು ನೂಲಿಗೆ ಗಂಜಿ ಹಚ್ಚಿ ಗಟ್ಟಿ ಮಾಡುವುದನ್ನು ರಬಕವಿಯಲ್ಲಿ ಕಂಡಿದ್ದರು. ಬಳ್ಳಿಯೂ ಒಂದು ಬಗೆಯ ಹಸಿರು ನೂಲೇ ತಾನೆ ಎಂದು ಅನ್ನ ಬಸಿದ ಗಂಜಿಯನ್ನೂ ಉಣಿಸಿದರು.

ಇಷ್ಟಾದರೂ ಆಷಾಢದ ಒಣ ಗಾಳಿಗೆ ಬಳ್ಳಿ ಮುನಿಸಿಕೊಂಡು ನಿಂತಿತು. ಗಣ್ಣುಗಳಲ್ಲಿ ಹೊರಟ ಪುಟ್ಟ ಬೇರುಗಳು ತೇವ ಸಿಗದೆ ಒಣಗಿದವು. ರಾಯರು ಕನ್ನಡಿಯ ಮುಂದೆ ನಿಂತು ಮೀಸೆಗೆ ಸಾಂತ್ವನ ಹೇಳುತ್ತಿದ್ದಾಗ ತಲೆಯ ಮೇಲೆ ಟಪ್ಪೆಂದು ಒಂದು ಹನಿ ನೀರು ಬಿತ್ತು. ಜ್ಞಾನೋದಯವಾಯಿತು!

ತಲೆಯ ಮೇಲಿದ್ದದ್ದು ಮಡಿಯ ಗಳ. ತೊಲೆಗೆ ಹಗ್ಗದಿಂದ ಕಟ್ಟಿದ ಉದ್ದನೆಯ ಬಿದಿರು ಅದು. ಅತ್ಯಾ ಒಗೆದ ಒದ್ದೆ ಸೀರೆಗಳನ್ನು ಕೋಲಿನಿಂದ ಎತ್ತಿ ಅದರ ಮೇಲೆ ಹರವುವಳು. ಅವುಗಳನ್ನು ಉಟ್ಟೇ ದೇವರ ಅಡಿಗೆ. ಮನೆಯಲ್ಲಿ ಯಾರೂ ಅದನ್ನು ಮುಟ್ಟುವಂತಿಲ್ಲ. ಜೇಡವೂ ಸ್ನಾನ ಮಾಡಿಯೇ ಅಲ್ಲಿ ಬಲೆ ಕಟ್ಟುತ್ತಿತ್ತು. ಸದಾ ತೇವ, ಸದಾ ತಂಪು, ಮಥುರಾಬಾಯಿಯ ಕಸಬರಿಗೆಯೂ ಸೋಕದ ಅಭಯಾರಣ್ಯ! ಹೆಂಗಸರಿಬ್ಬರೂ ಪುರಾಣ ಕೇಳಲು ಹೋದ ಹೊತ್ತು ನೋಡಿ ರಾಯರು ಸ್ಟೂಲು ಹತ್ತಿ, ಕಿಟಕಿಯಿಂದ ಗಳದವರೆಗೆ ಒಂದು ನೂಲು ಕಟ್ಟಿದರು.

ಆಮೇಲೆ ಬಳ್ಳಿ ಬೆಳೆದ ರೀತಿಯನ್ನು ಏನು ಹೇಳಲಿ! ಊಟಕ್ಕೆ ಕೂತಾಗ ಮೊಗ್ಗೆಯಂತೆ ಸುತ್ತಿಕೊಂಡಿದ್ದ ಎಲೆ, ಕೈ ತೊಳೆದು ಅಡಿಕೆ ಬಾಯಿಗೆ ಹಾಕುವಷ್ಟರಲ್ಲಿ ಬಿಚ್ಚಿ ಅಂಗೈಯಗಲ. ಪಂಚಮಿಯ ಹೊತ್ತಿಗೆ ಅದು ಗಳ ಮುಟ್ಟಿತು. ಮುಂದೆ ಸೀರೆಗಳ ಸಂದಿಯಲ್ಲಿ ನುಸುಳಿ ಗಳವನ್ನು ಸುತ್ತುತ್ತ ನಡೆಯಿತು. ಅತ್ಯಾಳ ಮಂಜುಗಣ್ಣಿಗೆ ಅದು ಸೀರೆಯ ಹಸಿರು ದಡಿಯಂತೆ ಕಂಡಿತು. ಮಥುರಾಬಾಯಿಯಂತೂ ಮೈಲಿಗೆಯಾದೀತೆಂದು ಆ ಗಳದ ಕಡೆ ಕತ್ತೆತ್ತಿಯೂ ನೋಡುವವಳಲ್ಲ. ರಾಯರು ತಮ್ಮ ಮೀಸೆಗೆ ಎಣ್ಣೆ ತೀಡಿ, ತುಟಿ ಹೊಲಿದುಕೊಂಡು ಕುಳಿತರು.

ಚೌತಿ ಹತ್ತಿರ ಬಂತು. ಶಿವಯೋಗೆಪ್ಪ ಸರ್ವಿಸ್ ಮೋಟಾರಿನಲ್ಲಿ ತನ್ನ ಬಳ್ಳಿಯ ಕುಂಡವನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಂದಿಳಿದ. ಸೋತವನ ಸೇವೆಗೆಂದು ಕ್ಷೌರಿಕ ರೇವಪ್ಪ ಆಗಲೇ ಕಟ್ಟೆಯ ಮೇಲೆ ಕತ್ತಿ ಮಸೆಯುತ್ತಿದ್ದ. ಮಗ್ಗದ ಕೋಣೆಯ ತಂಪಿನಲ್ಲಿ ಬೆಳೆದ ಶಿವಯೋಗೆಪ್ಪನ ಬಳ್ಳಿ ಪಡಸಾಲೆಯ ಒಂದು ಗೋಡೆಯುದ್ದಕ್ಕೂ ಮಲಗಿತು. ರಾಯರು ನಕ್ಕು, ಕಿಟಕಿಯಿಂದ ತೊಲೆಯ ಕಡೆಗೆ ಕೈ ತೋರಿಸಿದರು. ಶಿವಯೋಗೆಪ್ಪ ಕತ್ತೆತ್ತಿ ನೋಡಿದ, ನೋಡಿದ, ಟೊಪ್ಪಿಗೆ ಹಿಂದೆ ಬೀಳುವ ತನಕ ನೋಡಿದ.

"ರಾಯರ, ಇದು ಒಂದ ಬಳ್ಳಿ ಅಲ್ಲ. ನಿನ್ನೆ ಎಲ್ಲಿಂದೋ ಕಡಕೊಂಡು ಬಂದು ಗಂಟ ಹಾಕೀರಿ. ಜಲ್ಮಾ ಎಲ್ಲಾ ನೂಲಿನ್ಯಾಗ ಗಂಟ ಹುಡುಕಿದ ಕಣ್ಣು ಇವು!"

"ಏನಂದಿ? ನಾ ಮೋಸ ಮಾಡೀನಿ?"

"ಮತ್ತೇನರಿ! ಕುಂಡದಾಗಿನ ಬಳ್ಳಿ ಅಲ್ಲಿತನಾ ಹೊಕ್ಕೈತೇನು? ರೇವಪ್ಪಾ, ನೀರ ತಾರಪಾ, ರಾಯರು ಸೋತ್ರು."

ರೇವಪ್ಪ ಬಟ್ಟಲಿನೊಂದಿಗೆ ಎದ್ದ. ರಾಯರ ಮೀಸೆಯ ಒಂದೊಂದು ಕೂದಲೂ ನಿಗುರಿ ನಿಂತಿತು. ಸಂಸ್ಥಾನದ ಕಾಲದ ಗಂಟಲು ತೆರೆಯಿತು.

"ದೇವರಾಣಿ! ಅದು ಒಂದ ಬಳ್ಳಿ! ಪಂಚಮಿಯಿಂದ ಆ ಗಳದ ಮ್ಯಾಲ ಅದ! ನಾನ ನನ್ನ ಕೈಯಾರೆ ನೂಲು ಕಟ್ಟಿ ಹಬ್ಬಿಸೀನಿ! ದಿನಾ ಕಣ್ಣಾರೆ ನೋಡೀನಿ, ಅತ್ಯಾನ ಸೀರಿಗೆ ಸುತಗೊಂಡ ಬೆಳದದ!"

ಶಿವಯೋಗೆಪ್ಪ ಬಿದ್ದ ಟೊಪ್ಪಿಗೆ ಎತ್ತಿಕೊಂಡ. ಆಣೆಯ ಮೇಲೆ ಮಾತಿಲ್ಲ. ರಾಯರು ಗೆದ್ದರು.

ಅಡಿಗೆಮನೆಯಿಂದ ಸೌಟು ಬಿದ್ದ ಸದ್ದಾಯಿತು.

"ಪಂಚಮಿಯಿಂದನ?" ಎಂದಿತು ಬಿಂದಾತ್ಯಾಳ ಧ್ವನಿ. ಹಿಂದೆಯೇ ಅತ್ಯಾ ಬಾಗಿಲಿಗೆ ಬಂದಳು. "ಶ್ರಾವಣ ಮಾಸ ಪೂರಾ ಅದ ಸೀರಿ ಉಟಗೊಂಡು ನೈವೇದ್ಯ ಮಾಡೀನಲ್ಲೋ. ಗೋಕುಲಾಷ್ಟಮೀದೂ ಅದರಾಗ..."

ರಾಯರು ವಕೀಲರಾದರು. "ಬಳ್ಳಿಗೆ ಎಲ್ಲೀ ಮೈಲಿಗಿ ಅತ್ಯಾ? ತುಳಸಿ ಇದ್ದಂಗ ಅದು. ಬರೇ ಮಣ್ಣು, ನೀರು..."

"ಗಂಜೀನೂ ಹಾಕ್ತಿದ್ರಿ" ಎಂದಳು ಮಥುರಾಬಾಯಿ, ಸತ್ಯದ ಮೇಲಿನ ಪ್ರೀತಿಗಾಗಿ. "ಅನ್ನ ಬಸದದ್ದು."

"ಮುಸುರಿ!" ಎಂದು ಅತ್ಯಾ ತಲೆ ಹಿಡಿದುಕೊಂಡಳು. "ಮುಸುರಿ ಉಂಡ ಬಳ್ಳಿ ಮಡಿ ಗಳಾ ಹತ್ತೇದ! ಸೀರಿ ಎಲ್ಲಾ ನೀರಿಗೆ ಹಾಕ್ರಿ. ನಾವಿಬ್ಬರೂ ಪಂಚಗವ್ಯ ತಗೋತೀವಿ. ನೀ ತಿಳದು ಮಾಡೀದಿ, ಯಜಮಾನ ಬ್ಯಾರೆ. ಚೌತಿ ಪೂಜಾಕ್ಕ ಮಣಿ ಮ್ಯಾಲ ಕೂಡಬೇಕಂದ್ರ ನಿನಗ ಕ್ಷೌರ ಆಗಬೇಕು. ಪ್ರಾಯಶ್ಚಿತ್ತದ ಕ್ಷೌರ ಅಂದ್ರ ಮೀಸಿ ಸುದ್ದಾ."

"ಅತ್ಯಾ, ನಾ ಗೆದ್ದೀನಿ!"

"ಗೆಲ್ಲು. ಯಾರು ಬ್ಯಾಡಂದ್ರು?"

ರಾಯರು ಹೆಂಡತಿಯ ಮುಖ ನೋಡಿದರು. ಮಥುರಾಬಾಯಿ ಬಹಳ ದಿನಗಳ ನಂತರ ಗಂಡ ತನ್ನ ಕಡೆ ತಿರುಗಿದ್ದಕ್ಕೆ ನಾಚಿ ಒಳಗೆ ಹೋದಳು.

ಕಟ್ಟೆಯ ಮೇಲೆ ಒಂದೇ ಚಾಪೆ, ಒಂದೇ ಕತ್ತಿ. ರೇವಪ್ಪ ಇಬ್ಬರ ಮುಖವನ್ನೂ ನೋಡಿ, "ಯಾರದು ಮೊದಲ ಮಾಡ್ಲಿರಿ?" ಎಂದ.

"ಗೆದ್ದವರದ ಮೊದಲ ಆಗಲಿ. ದೊಡ್ಡವರು" ಎಂದು ಶಿವಯೋಗೆಪ್ಪ ಅತಿವಿನಯದಿಂದ ಪಕ್ಕಕ್ಕೆ ಸರಿದ.

ಮುಧೋಳದ ಕಡೆಯದು ಮೊದಲು ಬಿತ್ತು, ವಿಜಾಪುರದ ಕಡೆಯದು ನಂತರ. ರೇವಪ್ಪನ ಕತ್ತಿಯನ್ನು ನಡುವೆ ಎರಡು ಸಲ ಮಸೆಯಬೇಕಾಯಿತು. ಓಣಿಯ ಮಂದಿಯೆಲ್ಲ ಟೊಪ್ಪಿಗೆ ತೆಗೆದು ನಿಂತರು.

"ಈಗ ನಿನ್ನದು, ಕೂಡು" ಎಂದರು ರಾಯರು, ಬರಿದಾದ ತುಟಿಯನ್ನು ಅಂಗೈಯಿಂದ ಮುಚ್ಚಿಕೊಂಡು.

ಶಿವಯೋಗೆಪ್ಪ ತನ್ನ ಕುಂಡವನ್ನು ಕಂಕುಳಿಗೆ ಏರಿಸಿದ್ದ. "ರಾಯರ, ನಮ್ಮ ಪಂದ್ಯಾ ಒಂದ ಮೀಸಿ ತಗಸೂದು ಇತ್ತರಿ. ಒಂದು ಹೋತಲ್ಲ. ದೋಸ್ತರ ನಡುವ ಯಾರದು ಅಂತ ಏನ ನೋಡೂದೈತಿ!" ಎಂದವನೇ ತನ್ನ ಎರಡೆಳೆ ನೂಲನ್ನು ಹುರಿ ಮಾಡುತ್ತ ಬನಹಟ್ಟಿಯ ಮೋಟಾರು ಹತ್ತಿಬಿಟ್ಟ.

ರಾಯರು ಸ್ನಾನ ಮುಗಿಸಿ, ಒದ್ದೆ ಪಂಚೆಯಲ್ಲಿ, ಗೆದ್ದ ಬಳ್ಳಿಯನ್ನಾದರೂ ಕಣ್ತುಂಬ ನೋಡೋಣವೆಂದು ತಮ್ಮ ಮನೆಯ ಹೊಸ್ತಿಲಲ್ಲಿ ಕಾಲಿಟ್ಟರು. ಒಳಗಿನಿಂದ ಬಂದ ಮಥುರಾಬಾಯಿ ಗಕ್ಕನೆ ನಿಂತು ತಲೆಯ ಮೇಲೆ ಸೆರಗು ಎಳೆದುಕೊಂಡಳು.

"ರಾಯರು ಮನ್ಯಾಗ ಇಲ್ರಿ" ಎಂದಳು. "ಹೊರಗ ಕಟ್ಟಿ ಮ್ಯಾಲ ಕೂಡ್ರಿ, ಬರ್ತಾರ."