ಕುಂಯ್ ಎನ್ನದ ಮಂಡಿಗಳು

ನಮ್ಮ ವಿಮಾನ ನಿಲ್ದಾಣದ ಲೋಹಶೋಧಕ ದ್ವಾರವು ಉದ್ಘಾಟನೆಯಾದ ದಿನದಿಂದ ಇಂದಿನವರೆಗೆ ಒಮ್ಮೆಯೂ ಕೆಟ್ಟಿಲ್ಲ ಎಂಬುದನ್ನು ಸಾರ್ವಜನಿಕರ ಗಮನಕ್ಕೆ ತರಲು ಹರ್ಷಿಸುತ್ತೇವೆ. ಕೆಡಬೇಕಾದರೆ ಯಂತ್ರ ಮೊದಲು ನಡೆಯಬೇಕು. ಅದಕ್ಕೆ ಇನ್ನೂ ಕರೆಂಟು ಕೊಟ್ಟಿಲ್ಲ. ದ್ವಾರ ಭದ್ರತಾ ವಿಭಾಗದ್ದು, ಪ್ಲಗ್ ಇರುವ ಗೋಡೆ ಕಟ್ಟಡ ವಿಭಾಗದ್ದು. ಒಂದು ವಿಭಾಗದ ವೈರು ಇನ್ನೊಂದು ವಿಭಾಗದ ಗೋಡೆಯನ್ನು ಮುಟ್ಟಬೇಕಾದರೆ ಎರಡೂ ಕಡೆಯ ಮುಖ್ಯಸ್ಥರು ಒಂದೇ ಕೋಣೆಯಲ್ಲಿ ಕೂತು ಮಾತಾಡಬೇಕು. ಯಾರ ಕೋಣೆಯಲ್ಲಿ ಕೂರಬೇಕು ಎಂಬುದು ಪರಿಶೀಲನೆಯಲ್ಲಿದೆ.

ಹಾಗೆಂದು ಭದ್ರತೆ ನಿಲ್ಲುತ್ತದೆಯೇ? ದ್ವಾರದ ಪಕ್ಕದಲ್ಲಿ ನಮ್ಮ ಹಳೆಯ ಕಾವಲುಗಾರ ನಿಲ್ಲುತ್ತಾನೆ. ಅವನಿಗೆ ಕೋಗಿಲೆ ಎಂದು ಅಡ್ಡಹೆಸರು ಇಟ್ಟವರು ಅವನ ದನಿ ಕೇಳಿಯೇ ಇಟ್ಟರು, ಪಾಪ. ಪ್ರಯಾಣಿಕರು ದಾಟುವಾಗ ಅವನು ಗೋಡೆಯ ಕಡೆ ಮುಖ ಮಾಡಿ, ತುಟಿ ಬಿಗಿದು, ಮೂಗಿನಿಂದ "ಕುಂಯ್" ಎನ್ನುತ್ತಾನೆ. ಯಾರಿಗೆ ಅನ್ನಬೇಕು, ಯಾರನ್ನು ಬಿಡಬೇಕು ಎಂಬುದು ಅವನ ಅನುಭವಕ್ಕೆ ಬಿಟ್ಟದ್ದು. ದೊಡ್ಡ ಬಕಲ್ಲಿನ ಬೆಲ್ಟಿಗೆ ಖಂಡಿತ ಕುಂಯ್. ಸರದಿಯಲ್ಲಿ ನುಗ್ಗುವವರಿಗೆ ಕುಂಯ್. ಅವನನ್ನು "ಏಯ್" ಎಂದು ಕರೆದವರಿಗೆ ಎರಡು. ಹೊರಗಿನಿಂದ ಬಂದ ತಪಾಸಣಾ ತಂಡವೊಂದು ಯಂತ್ರದ ಸೂಕ್ಷ್ಮತೆಯನ್ನು ಮೆಚ್ಚಿ ಬರೆದುಕೊಟ್ಟು ಹೋಗಿದೆ. ಆ ತಂಡದ ಮುಖ್ಯಸ್ಥರಿಗೂ ಒಂದು ಕುಂಯ್ ಆಗಿತ್ತು.

ನಾನು ಇಲ್ಲಿ ಪ್ರಕಟಣೆ ಬರೆಯುವವನು. ಇದೂ ಪ್ರಕಟಣೆಯೇ. ವಯಸ್ಸಾದ ಹೆಂಗಸೊಬ್ಬರ ಮಂಡಿಗಳನ್ನು ನಾವು ಎಗರಿಸಿದೆವು ಎಂದು ಊರೆಲ್ಲ ಆಡಿಕೊಳ್ಳುತ್ತಿರುವುದರಿಂದ ನಡೆದದ್ದನ್ನು ನಡೆದ ಹಾಗೆ ಹೇಳದೆ ವಿಧಿಯಿಲ್ಲ. ಆಡುವವರ ಬಾಯಿ ಮುಚ್ಚಿಸಲು ನಮ್ಮಲ್ಲಿ ಪ್ರತ್ಯೇಕ ವಿಭಾಗವಿಲ್ಲ, ನಾನೊಬ್ಬನೇ ಇರುವುದು.

ಆ ದಿನ ಕೋಗಿಲೆಗೆ ಗಂಟಲು ಕಟ್ಟಿತ್ತು. ರಜೆ ಕೇಳಿದ. ಭದ್ರತಾ ಸಾಹೇಬರು, "ಯಂತ್ರಕ್ಕೆ ಎಲ್ಲಾದ್ರೂ ರಜೆ ಕೊಡ್ತಾರೇನಯ್ಯ?" ಎಂದರು. ಅವನು ಮಫ್ಲರ್ ಸುತ್ತಿಕೊಂಡು ಬಂದು ತನ್ನ ಜಾಗದಲ್ಲಿ ನಿಂತ. ಬಾಯಿ ತೆಗೆದರೆ ಬರೀ ಗಾಳಿ. ಬೆಳಗಿನಿಂದ ಮಧ್ಯಾಹ್ನದವರೆಗೆ ದಾಟಿದವರಲ್ಲಿ ಒಬ್ಬರ ಬಳಿಯೂ ಲೋಹ ಪತ್ತೆಯಾಗಲಿಲ್ಲ. ಜನರಿಗೆ ಕೊನೆಗೂ ಬುದ್ಧಿ ಬಂತು ಎಂದು ಸಾಹೇಬರು ಹಿಗ್ಗಿ ಹೀರೇಕಾಯಿಯಾದರು.

ಅಷ್ಟರಲ್ಲಿ ಡ್ರಿಲ್ ಟೀಚರ್ ಬಂದರು. ಶಾಲೆಯಿಂದ ನಿವೃತ್ತರಾಗಿ ಬಹಳ ಕಾಲವಾಗಿದ್ದರೂ ನಿಲ್ಲುವುದು ಇನ್ನೂ ಮೈದಾನದಲ್ಲಿ ನಿಂತ ಹಾಗೆಯೇ. ಮಕ್ಕಳ ಜೊತೆ ಓಡಿ ಓಡಿ ಮಂಡಿ ಸವೆದು, ಎರಡೂ ಕಡೆ ಲೋಹದ ಕೀಲು ಹಾಕಿಸಿಕೊಂಡವರು. ಹಿಂದೆ ಅವರ ಯಜಮಾನರು, ಚೀಲಗಳ ಸಮೇತ.

"ಮೊದಲೇ ಹೇಳ್ಬಿಡ್ತೀನಿ," ಎಂದರು ಟೀಚರ್, ಆಸ್ಪತ್ರೆಯವರು ಕೊಟ್ಟ ಕಾರ್ಡನ್ನು ಎತ್ತಿ ಹಿಡಿದು. "ನನ್ನ ಎರಡೂ ಮಂಡಿ ಲೋಹದ್ದು. ಹೋದಲ್ಲೆಲ್ಲ ನಿಮ್ಮ ಯಂತ್ರಗಳು ಬಡ್ಕೊಳ್ತವೆ. ಗಾಬರಿ ಆಗ್ಬೇಡಿ."

ಕಾರ್ಡು ನೋಡಿ ಸಾಹೇಬರು ಘೋಷಿತ ಲೋಹ ಎರಡು ಎಂದು ಬರೆಸಿದರು. ಟೀಚರ್ ಕೈಗಳನ್ನು ಅಗಲಿಸಿ, ಎದೆ ಸೆಟೆಸಿ, ದ್ವಾರ ದಾಟಿದರು.

ಸದ್ದಿಲ್ಲ.

ಕೋಗಿಲೆ ಗೋಡೆಯ ಕಡೆ ತಿರುಗಿ ಕತ್ತಿನ ನರ ಉಬ್ಬಿಸಿದ. ಗಾಳಿ ಬಂತು, ಹಿಂದೆಯೇ ಕೆಮ್ಮು ಬಂತು. ಕೆಮ್ಮನ್ನು ಲೋಹವೆಂದು ಪರಿಗಣಿಸಲು ನಿಯಮದಲ್ಲಿ ಅವಕಾಶವಿಲ್ಲ.

"ಇನ್ನೊಂದು ಸಲ ಬನ್ನಿ ಅಮ್ಮ," ಎಂದರು ಸಾಹೇಬರು. ಬಂದರು. "ಸ್ವಲ್ಪ ಜೋರಾಗಿ ನಡೀರಿ." ನಡೆದರು. "ಮಂಡಿ ಮುಂದೆ ಮಾಡ್ಕೊಂಡು ಬನ್ನಿ." ಬೇರೆ ಹೇಗೆ ಬರುವುದು ಎಂದು ಕೇಳುತ್ತಲೇ ಟೀಚರ್ ಬಂದರು.

ನಮ್ಮ ನಿಯಮ ಸ್ಪಷ್ಟವಾಗಿದೆ. ಘೋಷಿಸಿದ ಲೋಹಕ್ಕೂ ಪತ್ತೆಯಾದ ಲೋಹಕ್ಕೂ ತಾಳೆಯಾಗಬೇಕು. ಆಗದಿದ್ದರೆ ಒಂದೋ ಯಂತ್ರ ಸರಿಯಿಲ್ಲ, ಇಲ್ಲವೇ ಲೋಹ ಇಲ್ಲ. ಯಂತ್ರವನ್ನು ಮಂತ್ರಿಗಳು ಸ್ವಂತ ಕತ್ತರಿಯಿಂದ ಟೇಪು ಕತ್ತರಿಸಿ ಉದ್ಘಾಟಿಸಿರುವುದರಿಂದ ಅದು ಸರಿಯಿದೆ. ಆದಕಾರಣ ಟೀಚರಿಗೆ ಮಂಡಿಗಳಿಲ್ಲ.

"ನಿಮ್ಮ ಮಂಡಿಗಳು ಕಾಣೆಯಾಗಿವೆ," ಎಂದರು ಸಾಹೇಬರು, ತಗ್ಗಿದ ದನಿಯಲ್ಲಿ. ಕೆಟ್ಟ ಸುದ್ದಿಯನ್ನು ಮೆಲ್ಲಗೆ ಹೇಳುವುದು ನಮ್ಮ ಪದ್ಧತಿ.

"ಏನಂದ್ರಿ? ಮತ್ತೆ ನಾನು ಇಷ್ಟು ಹೊತ್ತು ನಡೆದಾಡಿದ್ದು ಯಾವುದರ ಮೇಲೆ?"

"ಅಭ್ಯಾಸಬಲ ಅಮ್ಮ. ಮನುಷ್ಯನಿಗೆ ಅಭ್ಯಾಸ ಅನ್ನೋದು ಬೇಗ ಹೋಗಲ್ಲ."

ಟೀಚರ್ ಅಲ್ಲೇ ಒಂದು, ಎರಡು ಎಂದು ಎಣಿಸಿಕೊಂಡು ಕೂತು ಎದ್ದು ತೋರಿಸಿದರು. ಸರದಿಯಲ್ಲಿದ್ದವರು ಚಪ್ಪಾಳೆ ತಟ್ಟಿದರು. ಸಾಹೇಬರು ಬಗ್ಗಲಿಲ್ಲ. ಸಾಕ್ಷಿಗಾಗಿ ಯಜಮಾನರನ್ನು ಕರೆದು, "ನಿಮ್ಮ ಹೆಂಡತಿಗೆ ಮಂಡಿಗಳಿವೆಯಾ?" ಎಂದು ಕೇಳಿದರು.

"ಮದುವೆ ಆದಾಗ ಇದ್ವು," ಎಂದರು ಯಜಮಾನರು. ಎಚ್ಚರಿಕೆಯ ಮನುಷ್ಯ.

"ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಜನ!" ಎಂದು ಟೀಚರ್ ಇಬ್ಬರನ್ನೂ ಒಟ್ಟಿಗೆ ಬೈದರು. ಆಮೇಲೆ ದ್ವಾರದ ಕಂಬವನ್ನು ಮೇಲಿಂದ ಕೆಳಗೆ ನೋಡಿ, "ಅಲ್ಲಪ್ಪ, ಇದಕ್ಕೆ ಸ್ವಿಚ್ ಹಾಕಿದೀರಾ?" ಎಂದು ಕೇಳಿದರು.

ಇಡೀ ಹಜಾರ ಬಗ್ಗಿ ನೆಲ ನೋಡಿತು. ಯಂತ್ರದ ವೈರು ನೆಲದ ಮೇಲೆ ಸುರುಳಿ ಸುತ್ತಿಕೊಂಡು ಎಲ್ಲರ ಕಣ್ಣಿಗೂ ಕಾಣುವಂತೆ ಮಲಗಿತ್ತು. ಆದರೂ ಇಷ್ಟು ದಿನ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ತಾಂತ್ರಿಕ ಪ್ರಶ್ನೆಗಳನ್ನು ತಾಂತ್ರಿಕ ವಿಭಾಗಕ್ಕೇ ಕೇಳಬೇಕೆಂದೂ, ಆ ವಿಭಾಗ ಇನ್ನೂ ಸ್ಥಾಪನೆಯಾಗಿಲ್ಲವೆಂದೂ ಸಾಹೇಬರು ತಿಳಿಸಿದರು.

ಮುಂದಿನ ಕ್ರಮವಾಗಿ ನಾನು ಧ್ವನಿವರ್ಧಕದಲ್ಲಿ ಪ್ರಕಟಿಸಿದೆ. "ಪ್ರಯಾಣಿಕರ ಗಮನಕ್ಕೆ. ಹೆಂಗಸರ ಮಂಡಿಗಳು, ಒಂದು ಜೊತೆ, ಕಾಣೆಯಾಗಿವೆ. ಸಿಕ್ಕಿದವರು ದಯವಿಟ್ಟು ಭದ್ರತಾ ದ್ವಾರಕ್ಕೆ ತಲುಪಿಸಬೇಕಾಗಿ ವಿನಂತಿ." ಜನ ಒಳ್ಳೆಯವರು. ಒಬ್ಬರು ಒಂದು ಕೊಡೆ ತಂದುಕೊಟ್ಟರು. ಇನ್ನೊಬ್ಬರು ಮಗುವಿನ ಒಂದು ಕಾಲಿನ ಚಪ್ಪಲಿ. ಮೂರನೆಯವರು ಬರಿಗೈಲಿ ಬಂದು, ತಮ್ಮ ಮಂಡಿಯೂ ಬೆಳಗಿನಿಂದ ಇದ್ದೂ ಇಲ್ಲದ ಹಾಗಿದೆ, ಅದನ್ನೂ ಸೇರಿಸಿಕೊಳ್ಳುತ್ತೀರಾ ಎಂದು ವಿಚಾರಿಸಿದರು.

"ಕಳೆದುಹೋದ ಬಗ್ಗೆ ದೂರು ಕೊಡಿ ಅಮ್ಮ," ಎಂದರು ಸಾಹೇಬರು. "ವಿಚಾರಣೆ ಆಗಲಿ. ಇಲ್ಲ ಅಂತ ತೀರ್ಮಾನ ಆದ್ರೆ, ನಾಳೆ ಮಂಡಿ ಇಲ್ಲದ ಪ್ರಯಾಣಿಕರು ಅಂತ ನೆಮ್ಮದಿಯಾಗಿ ಹೋಗ್ಬಹುದು."

"ನಾಳೆ ಹೋಗಿ ಏನ್ ಮಾಡ್ಲಿ? ಮದುವೆ ಇವತ್ತು ಸಂಜೆ."

"ಯಾರ ಮದುವೆ?"

"ನಮ್ಮಕ್ಕಂದು."

ಸಾಹೇಬರು ಟೀಚರ ನೆರೆತ ತಲೆ ನೋಡಿದರು. "ನಿಮಗಿಂತ ಚಿಕ್ಕವರಾ?"

"ಅಕ್ಕ ಅಂದೆನಲ್ರೀ!"

ವಿಷಯ ಹೀಗಿತ್ತು. ಬೇರೆ ಊರಿನಲ್ಲಿದ್ದ ಅಕ್ಕ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಹೊಲಿಗೆ ಯಂತ್ರ ತುಳಿದು ಇಬ್ಬರು ಗಂಡುಮಕ್ಕಳನ್ನು ದೊಡ್ಡವರನ್ನಾಗಿ ಮಾಡಿದವರು. ಈಗ ತಾವಿರುವ ಬೀದಿಯ ಗಡಿಯಾರ ರಿಪೇರಿಯವರನ್ನು ಮದುವೆಯಾಗಲು ಹೊರಟಿದ್ದಾರೆ. ಗಂಡುಮಕ್ಕಳಿಗೆ ಸುದ್ದಿ ಮುಟ್ಟಿದೆ. ಮರ್ಯಾದೆ ಹೋಗುತ್ತದೆಂದು ರಾತ್ರಿಯೊಳಗೆ ಬಂದು ತಾಯಿಯನ್ನು ಎಬ್ಬಿಸಿಕೊಂಡು ಹೋಗುವವರಿದ್ದಾರೆ. ಅಷ್ಟರೊಳಗೆ ನೋಂದಣಿ ಕಚೇರಿಯಲ್ಲಿ ರುಜು ಆಗಬೇಕು. ಹೆಣ್ಣಿನ ಕಡೆಯಿಂದ ಸಾಕ್ಷಿ ಹಾಕಲು ಇಡೀ ಬಳಗದಲ್ಲಿ ಒಪ್ಪಿದ್ದು ತಂಗಿ ಒಬ್ಬರೇ. ಯಜಮಾನರು ಒಪ್ಪಿರಲಿಲ್ಲ, ಚೀಲ ಹಿಡಿಯಲು ಮಾತ್ರ ಒಪ್ಪಿದ್ದರು.

ಕೇಳಿ ನನಗೆ ಅಯ್ಯೋ ಅನ್ನಿಸಿತು. ಪ್ರಕಟಣೆ ಬರೆಯುವವನಿಗೆ ಹಾಗೆ ಅನ್ನಿಸಬಾರದು. ಅನ್ನಿಸಿತು, ಏನು ಮಾಡುವುದು. ಸಾಹೇಬರ ಮುಖವೂ ಮೆತ್ತಗಾಯಿತು. ಅವರು ಕೆಟ್ಟವರಲ್ಲ, ನಿಯಮದ ಹೊರಗೆ ಅವರಷ್ಟು ಸಂಭಾವಿತರು ಸಿಗುವುದಿಲ್ಲ. ಅವರು ಟೀಚರನ್ನು ಕಂಬದ ಹಿಂದೆ ಕರೆದು ಪಿಸುಗುಟ್ಟಿದರು.

"ಯಂತ್ರ ಕುಂಯ್ ಅಂದ್ರೆ ನಂಗೆ ಸಾಕು ಅಮ್ಮ. ಎಲ್ಲಿಂದ ಅಂತು ಅಂತ ನಾನು ಯಾವತ್ತೂ ನೋಡಿಲ್ಲ. ನೀವು ದಾಟುವಾಗ… ನಿಮ್ಮ ಕಡೆಯಿಂದಲೇ… ಒಂದು ಸಣ್ಣದು…"

"ನಾನು ಕುಂಯ್ ಅನ್ಬೇಕಾ?" ಟೀಚರ ಮುಖ ಕಿವಿಯವರೆಗೂ ಕೆಂಪೇರಿತು. "ಇಷ್ಟು ಜನದ ಮುಂದೆ? ಇದ್ದದ್ದನ್ನ ಇದೆ ಅಂತ ಮನುಷ್ಯರ ಭಾಷೇಲಿ ಹೇಳಿದ್ದಾಯ್ತಲ್ಲ. ಸಾಲದಾ?"

"ಮನುಷ್ಯರ ಮಾತನ್ನ ನಾವು ನಂಬೋ ಹಾಗಿಲ್ಲ."

ವಿಮಾನದ ಕೊನೆಯ ಕರೆ ನನ್ನ ಬಾಯಿಂದಲೇ ಹೋಗಬೇಕಿತ್ತು. ನಾನು ಮೈಕಿನ ಮುಂದೆ ನೀರು ಕುಡಿದೆ, ಇನ್ನೊಂದು ಲೋಟ ಕುಡಿದೆ. ಅಷ್ಟರಲ್ಲಿ ಟೀಚರ ಫೋನು ಬಡಿದುಕೊಂಡಿತು. ಅಕ್ಕನ ದನಿ ಹಜಾರಕ್ಕೆಲ್ಲ ಕೇಳುವಂತಿತ್ತು.

"ಎಲ್ಲಿದೀಯೇ?"

"ಇಲ್ಲೇ ಅಕ್ಕ. ಯಂತ್ರದ ಹಾಗೆ ಕೂಗು, ಬಿಡ್ತೀವಿ ಅಂತಿದಾರೆ. ನಂಗೆ ನಾಚಿಕೆ ಆಗುತ್ತೆ."

"ನಾಚಿಕೆ ಆಗುತ್ತಾ ನಿಂಗೆ? ಈ ವಯಸ್ಸಲ್ಲಿ ಹೊಸ ಬಟ್ಟೆ ಉಟ್ಕೊಂಡು, ಆಫೀಸಿನ ಬೆಂಚಿನ ಮೇಲೆ ಒಬ್ಬಳೇ ಕೂತಿದೀನಿ ನಾನು. ಹೋಗೋರು ಬರೋರೆಲ್ಲ ನೋಡಿ ನಗ್ತಿದಾರೆ. ನೀನು ಒಂದು ಸಲ ಕುಂಯ್ ಅನ್ನೋಕೆ ಸಾಯ್ತೀಯಾ? ಅನ್ನೇ!"

ಟೀಚರ್ ಫೋನು ಯಜಮಾನರ ಕೈಗಿತ್ತರು. ಹಿಂದೆ ಹೋಗಿ ನಿಂತರು. ಮೈದಾನದ ಆ ತುದಿಯಲ್ಲಿ ಸಾಲು ತಪ್ಪಿದ ಹುಡುಗರನ್ನು ಈ ತುದಿಯಿಂದಲೇ ನಿಲ್ಲಿಸುತ್ತಿದ್ದ ಗಂಟಲು ಅದು. ದ್ವಾರದ ನಡುವೆ ಬಂದು ಬಲ ಮಂಡಿಗೊಂದು, ಎಡ ಮಂಡಿಗೊಂದು ಕುಂಯ್ ಎಂದರು. ಕೋಗಿಲೆ ಮಫ್ಲರಿನ ತುದಿಯಿಂದ ಕಣ್ಣೊರೆಸಿಕೊಂಡ. ಕಸುಬು ಬಲ್ಲವರಿಗೇ ಕಸುಬಿನ ಬೆಲೆ ಗೊತ್ತು.

"ಎರಡು ಪತ್ತೆ, ತಾಳೆಯಾಯಿತು," ಎಂದು ಸಾಹೇಬರು ಸೆಲ್ಯೂಟ್ ಹೊಡೆದರು. ಟೀಚರ್ ಓಡಿದರು. ಇಲ್ಲವೆಂದು ನಾವು ತೀರ್ಮಾನಿಸಿದ್ದ ಆ ಮಂಡಿಗಳ ಮೇಲೆಯೇ ಓಡಿದರು. ವಿಮಾನ ಸಿಕ್ಕಿತು, ಮದುವೆಯೂ ಆಯಿತು. ಗಂಡುಮಕ್ಕಳು ಬರುವಷ್ಟರಲ್ಲಿ ರುಜುವಿನ ಶಾಯಿ ಒಣಗಿತ್ತು.

ಅವರ ಹಿಂದೆ ನಿಂತಿದ್ದವರಿಗೆ ಇದು ಹೊಸ ಕ್ರಮವೆನ್ನಿಸಿತು. ಮುಂದಿನವರು ತಮ್ಮ ಸೊಂಟದೊಳಗಿನ ಲೋಹದ ತಟ್ಟೆಗೆ ಕುಂಯ್ ಎಂದರು. ಅವರ ಹಿಂದಿನವರು ಹಲ್ಲಿನ ತಂತಿಗೆ. ಸದ್ದು ಮಾಡದೆ ದಾಟಿದ ಒಬ್ಬರನ್ನು ಸಾಹೇಬರು ನಿಲ್ಲಿಸಿ, "ನಿಮ್ಮದೇನು ಕಳೆದುಹೋಗಿದೆ?" ಎಂದು ವಿಚಾರಿಸಿದ ಮೇಲೆ, ಮೈಯಲ್ಲಿ ಏನೂ ಇಲ್ಲದವರೂ ಮುಂಜಾಗ್ರತೆಯಾಗಿ ಒಂದು ಕುಂಯ್ ಹಾಕತೊಡಗಿದರು. ಈಗ ಅದು ಜಾರಿಯಲ್ಲಿದೆ. ಬೆಲ್ಟಿಗೆ ಗಿಡ್ಡ, ಮೂಳೆಯ ಸರಳಿಗೆ ಉದ್ದ, ಹೃದಯದ ಯಂತ್ರದವರಿಗೆ ದಣಿವಾಗದಂತೆ ಮೆಲ್ಲಗೆ ಒಂದು. ಬಾಯಿ ಬಾರದ ಎಳೆಗೂಸುಗಳ ಪರವಾಗಿ ತಾಯಂದಿರು ಅನ್ನಬಹುದು. ಕೋಗಿಲೆಗೆ ಬಡ್ತಿಯಾಗಿದೆ. ಮೊದಲ ಸಲ ಬರುವವರಿಗೆ ಮೂಗಿನಿಂದ ಹೇಗೆ ಎಂದು ಕಲಿಸುತ್ತಾನೆ. ಕೆಲಸ ಮುಗಿಸಿ ಮನೆಗೆ ಹೊರಡುವಾಗ ಸಾಹೇಬರೂ ಕುಂಯ್ ಎಂದೇ ಹೋಗುತ್ತಾರೆ.

ಹೋದ ವಾರ ಟೀಚರ್ ತಮ್ಮ ಮನೆಗೆ ಬಂದಿದ್ದ ಅಕ್ಕನನ್ನೂ ಹೊಸ ಭಾವನನ್ನೂ ಕರೆದುಕೊಂಡು ನಮ್ಮ ದ್ವಾರಕ್ಕೆ ಬಂದಿದ್ದರು. ನವದಂಪತಿ ಸಮುದ್ರ ನೋಡಲು ಹೊರಟಿದ್ದರು. ಟೀಚರ್ ಎರಡು ಕುಂಯ್ ಎಂದು ದಾಟಿದರು. ಗಡಿಯಾರದವರು ಕೈಗಡಿಯಾರಕ್ಕೆ ಸಂಕೋಚದಿಂದ ಒಂದು ಅಂದರು. ಅಕ್ಕ ದ್ವಾರದ ಮುಂದೆ ನಿಂತುಬಿಟ್ಟರು.

"ನನ್ನ ಮೈಯಲ್ಲಿ ಲೋಹ ಗೀಹ ಏನೂ ಇಲ್ಲವಲ್ಲೇ. ನಾನೂ ಕೂಗ್ಬೇಕಾ?"

"ಇಲ್ಲಿ ಎಲ್ರೂ ಕೂಗ್ತಾರೆ ಅಕ್ಕ. ಕೂಗು."

"ಜೋರಾಗಿ ಕೂಗಿದ್ರೆ ಯಾರೂ ಏನೂ ಅನ್ನಲ್ವಾ?"

"ನಿಯಮದ ಪ್ರಕಾರ ಅಡ್ಡಿ ಇಲ್ಲಮ್ಮ," ಎಂದರು ಸಾಹೇಬರು.

ಅಕ್ಕ ಉಸಿರೆಳೆದುಕೊಂಡು ಕೂಗಿದರು. ಹಜಾರದ ಗಾಜು ಜುಂಯ್ಗುಟ್ಟಿತು. ಚಹಾದ ಅಂಗಡಿಯವನು ಲೋಟ ಹಿಡಿದು ಹಾಗೇ ನಿಂತ. ಕೂಗು ಮುಗಿಯುವುದನ್ನು ಇಡೀ ಸರದಿ ತಲೆಬಾಗಿ ಕಾಯಿತು, ಯಾರೂ ಗಡಿಬಿಡಿ ಮಾಡಲಿಲ್ಲ. ಆ ಸದ್ದು ಯಾವ ಲೋಹದ್ದೆಂದು ಕೋಗಿಲೆಗೂ ಹೇಳಲಾಗಲಿಲ್ಲ. ಸಾಹೇಬರು 'ಇತರೆ' ಎಂದು ಬರೆಸಿಕೊಂಡು, ಒಳಗೆ ಬಿಟ್ಟರು.